ಸಿಡಿಲು ಹುಟ್ಟುವುದು ಮಂಜುಗಡ್ಡೆಯಿಂದ

ಮೋಡಕ್ಕೆ ಮೋಡ ಡಿಕ್ಕಿ ಹೊಡೆದಾಗ ಗುಡುಗುತ್ತದೆ ಎಂಬ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಇದರಲ್ಲಿ ಡಿಕ್ಕಿಯ ಮಾತು ನಿಜ, ಡಿಕ್ಕಿ ಹೊಡೆಯುವ ವಸ್ತುಗಳು ಮಾತ್ರ ಬೇರೆ. ಒಂದೇ ಮೋಡದ ಒಳಗೆ, ನೆಲದಿಂದ ಆರೇಳು ಕಿಲೋಮೀಟರ್ ಮೇಲೆ, ಸಬ್ಬಕ್ಕಿ ಗಾತ್ರದ ಮೆದು ಆಲಿಕಲ್ಲುಗಳು ತಮಗಿಂತ ಎಷ್ಟೋ ಸಣ್ಣ ಹಿಮದ ಹರಳುಗಳಿಗೆ ತಾಗುತ್ತ ಕೆಳಗಿಳಿಯುತ್ತಿರುತ್ತವೆ. ತಾಗಿದಾಗೆಲ್ಲ ಒಂದಿಷ್ಟು ವಿದ್ಯುತ್ ಆವೇಶ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಇಂಥ ಕೋಟಿ ಕೋಟಿ ತಾಕಲಾಟಗಳ ಫಲ ಮಿಂಚು.

ಸಿಡಿಲನ್ನು ಆಕಾಶದಿಂದ ಬೀಳುವ ಒಂದೇ ಏಟು ಎಂದುಕೊಂಡರೆ ಹಣೆಬರಹ ಎಂದು ಕೈಚೆಲ್ಲುವುದೊಂದೇ ದಾರಿ. ಬಿಡಿಸಿ ನೋಡಿದರೆ ಅದೊಂದು ಸರಣಿ. ಮೋಡದೊಳಗೆ ನಡೆಯುವುದು ನಮ್ಮ ಕೈಮೀರಿದ್ದು. ಆದರೆ ನೆಲ ಮುಟ್ಟುವ ಮುಂಚಿನ ಕೊನೆಯ ಐವತ್ತು-ನೂರು ಮೀಟರಿನಲ್ಲಿ, ಮತ್ತು ನೆಲ ಮುಟ್ಟಿದ ಮೇಲೆ ಸುತ್ತಲಿನ ಹತ್ತಿಪ್ಪತ್ತು ಮೀಟರಿನಲ್ಲಿ ಏನಾಗುತ್ತದೆ ಎಂಬುದು ನಾವು ಎಲ್ಲಿ, ಹೇಗೆ ನಿಂತಿದ್ದೇವೆ ಎನ್ನುವುದನ್ನು ಅವಲಂಬಿಸಿದೆ. ದೇಶದಲ್ಲಿ ವರ್ಷಕ್ಕೆ 2,500ಕ್ಕಿಂತ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವವರು, ದನ-ಕುರಿ ಕಾಯುವವರು. ಈ ಸರಣಿಯನ್ನು ಅರ್ಥಮಾಡಿಕೊಳ್ಳುವುದು ಮೊದಲು ಬೇಕಾಗಿರುವುದು ಅವರಿಗೆ.

ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ ನೆಲದ ಮೇಲೆ 40 ಡಿಗ್ರಿ ಕಾದಿರುವಾಗ ಮಂಜುಗಡ್ಡೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಸುಮಾರು ಐದು ಕಿಲೋಮೀಟರ್ ಎತ್ತರಕ್ಕೆ ಸೊನ್ನೆ ಡಿಗ್ರಿ ಮುಟ್ಟುತ್ತದೆ. ಬೇಸಿಗೆಯ ನೆಲ ಬೆಳಗಿನಿಂದ ಗಾಳಿಯನ್ನು ಕಾಯಿಸುತ್ತದೆ. ಬಂಗಾಳ ಕೊಲ್ಲಿಯಿಂದಲೋ ಅರಬ್ಬೀ ಸಮುದ್ರದಿಂದಲೋ ತೇವ ಬಂದು ಸೇರುತ್ತದೆ. ವಿದರ್ಭ, ಮರಾಠವಾಡದಿಂದ ಒಳನಾಡು ಕರ್ನಾಟಕದ ಮೇಲೆ ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಗೆರೆಯ ಉದ್ದಕ್ಕೂ ಎರಡು ದಿಕ್ಕಿನ ಗಾಳಿ ಕೂಡುತ್ತದೆ. ಮಧ್ಯಾಹ್ನ ಎರಡು-ಮೂರು ಗಂಟೆಯ ಹೊತ್ತಿಗೆ ಹತ್ತಿಯ ರಾಶಿಯಂತಿದ್ದ ಬಿಳಿ ಮೋಡ ಗೋಪುರವಾಗಿ ಏಳುತ್ತದೆ. ಬಲವಾದ ಮೋಡದಲ್ಲಿ ಮೇಲ್ಮುಖ ಗಾಳಿಯ ವೇಗ ಸೆಕೆಂಡಿಗೆ 10ರಿಂದ 30 ಮೀಟರ್. ಮೋಡದ ತಲೆ 12ರಿಂದ 16 ಕಿಲೋಮೀಟರ್ ತನಕ ಹೋಗಿ, ಇನ್ನು ಏರಲಾಗದೆ ಚಪ್ಪಟೆಯಾಗಿ ಹರಡುತ್ತದೆ. ಕ್ಯುಮುಲೋನಿಂಬಸ್ ಎಂದು ಕರೆಯುವುದು ಇದನ್ನೇ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಗುಡುಗು ಈ ಮೋಡದ್ದು. ಹಿಂಗಾರಿನ ಚಿತ್ತಾ, ಸ್ವಾತಿ ಮಳೆಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಆಗುಂಬೆಯನ್ನು ನೆನೆಯಬೇಕು. ಜುಲೈ ತಿಂಗಳಲ್ಲಿ ಪುನರ್ವಸು, ಪುಷ್ಯ ಮಳೆ ಹಗಲಿರುಳು ಸುರಿಯುವಾಗ ಅಲ್ಲಿ ಗುಡುಗು ಅಪರೂಪ. ದೇಶದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು ಹೀಗೆ ಸದ್ದಿಲ್ಲದೆ ನೆನೆಯುವುದಕ್ಕೆ ಕಾರಣವಿದೆ. ಸಮುದ್ರದ ಗಾಳಿ ಘಟ್ಟಕ್ಕೆ ಒತ್ತಿ ಏರಿದಾಗ ಆಗುವ ಮುಂಗಾರು ಮೋಡಗಳು ಬಹುಪಾಲು ಗಿಡ್ಡ. ಅವುಗಳ ಮಳೆ ಸೊನ್ನೆ ಡಿಗ್ರಿಯ ಮಟ್ಟದ ಕೆಳಗೆ ಅಥವಾ ಅದರ ಆಸುಪಾಸಿನಲ್ಲೇ, ನೀರಹನಿಗೆ ನೀರಹನಿ ಸೇರಿ ಆಗಿಬಿಡುತ್ತದೆ. ಮೇಲ್ಮುಖ ಗಾಳಿಯೂ ಮೆಲ್ಲನೆಯದು. ಆಲಿಕಲ್ಲು ಮತ್ತು ಹರಳುಗಳು ಬೇಕಾದಷ್ಟು ಪ್ರಮಾಣದಲ್ಲಿ ಇಲ್ಲದ ಮೋಡ ಎಷ್ಟೇ ನೀರು ಸುರಿಸಲಿ, ಆವೇಶ ಕೂಡಿಹಾಕಲಾರದು. ಮಿಂಚಿಗೆ ಮಳೆಗಿಂತ ಮಂಜುಗಡ್ಡೆ ಮುಖ್ಯ ಎನ್ನುವುದಕ್ಕೆ ನಮ್ಮ ಮಲೆನಾಡಿಗಿಂತ ಒಳ್ಳೆಯ ಪುರಾವೆ ಹುಡುಕಬೇಕಾಗಿಲ್ಲ.

ಆವೇಶ ಬೇರೆಯಾಗುವ ಬಗೆ ಹೀಗೆ. ಸೊನ್ನೆಯಿಂದ ಮೈನಸ್ 40 ಡಿಗ್ರಿ ನಡುವಿನ ಪದರದಲ್ಲಿ ಮೂರು ಬಗೆಯ ಕಣಗಳು ಒಟ್ಟಿಗಿರುತ್ತವೆ. ಸೊನ್ನೆಗಿಂತ ತಣ್ಣಗಾಗಿಯೂ ಇನ್ನೂ ಹೆಪ್ಪುಗಟ್ಟದ ನೀರಹನಿಗಳು, ಹಗುರವಾದ ಹಿಮದ ಹರಳುಗಳು, ಆ ನೀರಹನಿಗಳು ಮೈಗೆ ಅಂಟಿ ಹೆಪ್ಪುಗಟ್ಟುತ್ತ ಬೆಳೆದ ಮೆದು ಆಲಿಕಲ್ಲುಗಳು. ವಿಜ್ಞಾನಿಗಳು ಗ್ರೌಪೆಲ್ ಎನ್ನುವುದು ಈ ಮೂರನೆಯದಕ್ಕೆ. ಭಾರದ ಗ್ರೌಪೆಲ್ ಬೀಳುತ್ತಿರುತ್ತದೆ, ಹಗುರ ಹರಳು ಗಾಳಿಯೊಡನೆ ಏರುತ್ತಿರುತ್ತದೆ. ಎರಡೂ ಉಜ್ಜಿಕೊಂಡು ದೂರ ಸರಿದಾಗ, ಮೈನಸ್ 10-15 ಡಿಗ್ರಿಗಿಂತ ತಣ್ಣನೆಯ ಜಾಗದಲ್ಲಿ ಗ್ರೌಪೆಲ್‌ಗೆ ಋಣ ಆವೇಶ, ಹರಳಿಗೆ ಧನ ಆವೇಶ ಬರುತ್ತದೆ. ಅದಕ್ಕಿಂತ ಬೆಚ್ಚಗಿನ ಕೆಳಭಾಗದಲ್ಲಿ ಇದು ತಿರುಗುಮುರುಗಾಗುತ್ತದೆ. ಹಾಗಾಗಿ ಬೆಳೆದ ಮೋಡದಲ್ಲಿ ಮೂರು ಪದರ: ತಲೆಯಲ್ಲಿ ಧನ, ನಡುವಿನಲ್ಲಿ ದೊಡ್ಡ ಋಣ, ಬುಡದಲ್ಲಿ ಒಂದು ಚಿಕ್ಕ ಧನ. ಹೆಪ್ಪುಗಟ್ಟದ ಆ ನೀರಹನಿಗಳು ಇಲ್ಲದಿದ್ದರೆ ಬರೀ ಮಂಜು ಮಂಜಿಗೆ ತಾಗಿ ಇಷ್ಟು ಆವೇಶ ಹುಟ್ಟುವುದಿಲ್ಲ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ.

ಈ ಮೂರು ಪದರಗಳ ಚಿತ್ರ ಸಿಗಲು ಒಂದು ದೀರ್ಘ ವಾದವೇ ನಡೆಯಿತು, ಅದರ ಒಂದು ತುದಿ ನಮ್ಮ ದೇಶದಲ್ಲಿತ್ತು. ಜಾರ್ಜ್ ಸಿಂಪ್ಸನ್ ಭಾರತೀಯ ಹವಾಮಾನ ಇಲಾಖೆಯಲ್ಲಿದ್ದಾಗ ಶಿಮ್ಲಾದಲ್ಲಿ ಮಳೆಹನಿಗಳ ಆವೇಶ ಅಳೆದರು. ನೆಲಕ್ಕೆ ಬಿದ್ದ ಮಳೆಯಲ್ಲಿ ಹೆಚ್ಚು ಪಾಲು ಧನ ಆವೇಶವಿತ್ತು. 1909ರಲ್ಲಿ ಪ್ರಕಟಿಸಿದ ಬರಹದಲ್ಲಿ ಅವರು ದೊಡ್ಡ ಹನಿಗಳು ಗಾಳಿಗೆ ಸಿಕ್ಕಿ ಒಡೆಯುವಾಗ ಆವೇಶ ಹುಟ್ಟುತ್ತದೆ, ಮೋಡದ ಕೆಳಭಾಗ ಧನ ಎಂದರು. ಇಂಗ್ಲೆಂಡಿನಲ್ಲಿ ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ ದೂರದಿಂದ ವಿದ್ಯುತ್ ಕ್ಷೇತ್ರದ ಏರಿಳಿತ ಅಳೆದು, ತಲೆ ಧನ, ಕೆಳಗೆ ಋಣ ಎಂದರು. ಕೊನೆಗೆ ಸಿಂಪ್ಸನ್ ತಾವೇ ಸ್ಕ್ರೇಸ್ ಎಂಬ ಇನ್ನೊಬ್ಬ ವಿಜ್ಞಾನಿಯ ಜೊತೆಗೂಡಿ ಮೋಡದೊಳಕ್ಕೆ ಬಲೂನು ಕಳಿಸಿ, 1937ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಲ್ಸನ್ ಹೇಳಿದ ದೊಡ್ಡ ಪದರಗಳೆರಡೂ ಇದ್ದವು, ಅವುಗಳ ಕೆಳಗೆ ಧನ ಆವೇಶದ ಚಿಕ್ಕ ಗುಡ್ಡೆಯೂ ಇತ್ತು. ತನ್ನ ವಾದಕ್ಕೆ ಎದುರಾದ ಪುರಾವೆಯನ್ನು ತಾನೇ ಹೋಗಿ ತಂದ ಈ ಪ್ರಾಮಾಣಿಕತೆ ಬಹಳ ದೊಡ್ಡದು.

ಮೋಡದ ಒಟ್ಟು ವೋಲ್ಟೇಜ್ ಎಷ್ಟು? ಬಲೂನು ಹೋದ ದಾರಿಯಲ್ಲಿ ಮಾತ್ರ ಅಳೆಯುತ್ತದೆ, ಇಡೀ ಮೋಡವನ್ನಲ್ಲ. ಊಟಿಯಲ್ಲಿರುವ ಗ್ರೇಪ್ಸ್-3 ಪ್ರಯೋಗಾಲಯಕ್ಕೆ ಬೇರೆ ದಾರಿ ಸಿಕ್ಕಿತು. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದು ಹುಟ್ಟುವ ಮ್ಯುಯಾನ್ ಕಣಗಳನ್ನು ಅಲ್ಲಿನ ದೂರದರ್ಶಕ ಎಡೆಬಿಡದೆ ಎಣಿಸುತ್ತದೆ. 2014ರ ಡಿಸೆಂಬರ್ 1ರಂದು ಮೇಲೆ ಗುಡುಗು ಮೋಡ ಬಂದಾಗ ಎಣಿಕೆ ಸುಮಾರು ಶೇ 2ರಷ್ಟು ಕುಸಿಯಿತು. ಕಣಗಳು ಅಷ್ಟು ಶಕ್ತಿ ಕಳೆದುಕೊಳ್ಳಬೇಕಾದರೆ ಮೋಡದಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ಲೆಕ್ಕ ಹಾಕಿದಾಗ ಬಂದ ಉತ್ತರ 130 ಕೋಟಿ ವೋಲ್ಟ್. 2019ರಲ್ಲಿ ಪ್ರಕಟವಾದ ಈ ಅಳತೆ ಅದುವರೆಗಿನ ಬಲೂನು ಅಳತೆಗಳ ಹತ್ತರಷ್ಟು. ವಿಲ್ಸನ್ ಸುಮಾರು 90 ವರ್ಷ ಮುಂಚೆ ಊಹಿಸಿದ್ದ ಮಟ್ಟವೂ ಇದೇ.

ಇಷ್ಟಾದರೂ ಕಿಡಿ ಹೇಗೆ ಹೊತ್ತುತ್ತದೆ ಎಂಬುದು ಇನ್ನೂ ಪೂರ್ತಿ ಬಿಡಿಸಿಲ್ಲದ ಗಂಟು. ನೆಲಮಟ್ಟದ ಒಣ ಗಾಳಿ ಸೀಳಲು ಮೀಟರಿಗೆ 30 ಲಕ್ಷ ವೋಲ್ಟ್ ಬೇಕು. ಮೋಡದೊಳಗೆ ಅಳೆದಾಗ ಸಾಮಾನ್ಯವಾಗಿ ಸಿಗುವುದು ಒಂದರಿಂದ ನಾಲ್ಕು ಲಕ್ಷ. ಮೇಲೆ ಗಾಳಿ ತೆಳುವಾಗಿರುವುದನ್ನು ಲೆಕ್ಕಕ್ಕೆ ಹಿಡಿದರೂ ಸಾಲದು. ಮಂಜಿನ ಕಣಗಳ ಚೂಪು ತುದಿಗಳಲ್ಲಿ ಕ್ಷೇತ್ರ ದಟ್ಟವಾಗಿ ಕಿಡಿ ಶುರುವಾಗುತ್ತದೆ ಎಂಬುದು ಒಂದು ವಿವರಣೆ. ಬಾಹ್ಯಾಕಾಶದ ಕಿರಣಗಳು ಹೊರಡಿಸಿದ ವೇಗದ ಇಲೆಕ್ಟ್ರಾನುಗಳು ದಾರಿ ಸೀಳುತ್ತವೆ ಎಂಬುದು ಇನ್ನೊಂದು. ಎರಡೂ ಸೇರಿ ಕೆಲಸ ಮಾಡುತ್ತಿರಬಹುದು ಎನ್ನುವವರ ಕಡೆಗೇ ನನ್ನ ಒಲವು.

ಬಹುಪಾಲು ಮಿಂಚು ಮೋಡದೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ನೆಲಕ್ಕೆ ಬರುವುದು ನಾಲ್ಕರಲ್ಲಿ ಒಂದರಷ್ಟು. ಅದು ಬರುವ ಮೊದಲು ಒಂದು ದಾರಿ ಮಾಡಿಕೊಳ್ಳುತ್ತದೆ. ಋಣ ಆವೇಶ ತುಂಬಿದ, ಕಣ್ಣಿಗೆ ಅಷ್ಟಾಗಿ ಕಾಣದ ಒಂದು ಎಳೆ ಮೋಡದಿಂದ ಕೆಳಗೆ ಚಾಚುತ್ತದೆ. ಇದಕ್ಕೆ ಸ್ಟೆಪ್ಡ್ ಲೀಡರ್ ಎನ್ನುತ್ತಾರೆ. ಅದು ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತದೆ. ಒಂದು ಹೆಜ್ಜೆ ಸುಮಾರು 50 ಮೀಟರ್, ಅದಕ್ಕೆ ಹಿಡಿಯುವುದು ಒಂದು ಮೈಕ್ರೋಸೆಕೆಂಡ್. ಆಮೇಲೆ 20ರಿಂದ 50 ಮೈಕ್ರೋಸೆಕೆಂಡ್ ನಿಲುಗಡೆ, ಮತ್ತೆ ಹೆಜ್ಜೆ. ಪ್ರತಿ ನಿಲುಗಡೆಯಲ್ಲೂ ಮುಂದಿನ ದಿಕ್ಕು ಅಲ್ಲಲ್ಲೇ ತೀರ್ಮಾನವಾಗುವುದರಿಂದ ಕವಲು, ವಕ್ರ, ತಿರುವು. ನೆಲದ ಹತ್ತಿರ ಬರುವವರೆಗೆ ಅದಕ್ಕೆ ಕೆಳಗಿನ ಮರ, ಗೋಪುರ, ಮನುಷ್ಯ ಯಾವುದರ ಗುರುತೂ ಇಲ್ಲ.

ಕೊನೆಯ ಒಂದೆರಡು ಹೆಜ್ಜೆಯಲ್ಲಿ ಚಿತ್ರ ಬದಲಾಗುತ್ತದೆ. ಕೆಳಗಿನ ಎತ್ತರದ, ಚೂಪಾದ ವಸ್ತುಗಳಿಂದ ಧನ ಆವೇಶದ ಎಳೆಗಳು ಮೇಲಕ್ಕೆ ಏಳುತ್ತವೆ. ತೆಂಗಿನ ಸುಳಿಯಿಂದ, ನೀರಿನ ಟ್ಯಾಂಕಿನ ಅಂಚಿನಿಂದ, ಬಯಲಲ್ಲಿ ನಿಂತವನ ತಲೆಯಿಂದಲೂ. ಇವುಗಳಲ್ಲಿ ಯಾವುದು ಮೊದಲು ಲೀಡರನ್ನು ಕೂಡುತ್ತದೋ ಅಲ್ಲಿಗೆ ಸಿಡಿಲು. ಎಷ್ಟು ದೂರದಿಂದ ಈ ಕೂಡಿಕೆ ಆಗುತ್ತದೆ ಎಂಬುದು ಮಿಂಚಿನ ಬಲಕ್ಕೆ ತಕ್ಕಂತೆ ಇರುತ್ತದೆ. ಎಂಜಿನಿಯರುಗಳು ಬಳಸುವ ಸೂತ್ರದ ಪ್ರಕಾರ 30 ಕಿಲೋಆಂಪಿಯರ್ ಮಿಂಚಿಗೆ ಸುಮಾರು 90 ಮೀಟರ್, 10 ಕಿಲೋಆಂಪಿಯರಿಗೆ 45, ಮೂರಕ್ಕೆ 20. ಎಂದರೆ ದುರ್ಬಲ ಮಿಂಚೇ ಹೆಚ್ಚು ಒಳಕ್ಕೆ ನುಸುಳಬಲ್ಲದು. ಎತ್ತರದ ಕಟ್ಟಡದ ತಲೆ ಬಿಟ್ಟು ಪಕ್ಕದ ಗೋಡೆಗೆ ಹೊಡೆಯುವುದು ಇಂಥದೇ.

ಎರಡು ಎಳೆ ಕೂಡಿದ ಕೂಡಲೇ ನೆಲದಿಂದ ಮೇಲಕ್ಕೆ, ಬೆಳಕಿನ ಮೂರರಲ್ಲೊಂದು ಪಾಲಿನಷ್ಟು ವೇಗದಲ್ಲಿ, ಬೆಳಗುತ್ತ ಓಡುವುದು ಮರುಹೊಡೆತ. ನಾವು ಮಿಂಚು ಎಂದು ಕಾಣುವುದು ಇದನ್ನು. ವಿದ್ಯುತ್ ಪ್ರವಾಹ ಸಾಮಾನ್ಯವಾಗಿ 30 ಸಾವಿರ ಆಂಪಿಯರ್ ಮುಟ್ಟುತ್ತದೆ. ಅದೇ ದಾರಿಯಲ್ಲಿ ಸುಮಾರು 60 ಮಿಲಿಸೆಕೆಂಡಿಗೊಮ್ಮೆ ಇನ್ನೂ ಎರಡು-ಮೂರು ಹೊಡೆತ ಇಳಿಯುತ್ತವೆ. ಮಿಂಚು ಪಕಪಕನೆ ಮಿನುಗುವುದು ಇದರಿಂದ. ಕೆಲವೊಮ್ಮೆ ಹೊಡೆತದ ಬಳಿಕ ನೂರಾರು ಆಂಪಿಯರ್ ಪ್ರವಾಹ ನೂರಾರು ಮಿಲಿಸೆಕೆಂಡ್ ಹರಿಯುತ್ತಲೇ ಇರುತ್ತದೆ. ಬಣವೆಗೆ ಬೆಂಕಿ ಹಿಡಿಸುವುದು ಹೆಚ್ಚಾಗಿ ಈ ನಿಧಾನದ ಪ್ರವಾಹ. ಮರದ ತೊಗಟೆ ಸಿಡಿದು ಹಾರುವುದಕ್ಕೆ ಕಾರಣ ಒಳಗಿನ ರಸ ಒಮ್ಮೆಲೇ ಆವಿಯಾಗುವುದು.

ಗುಡುಗು ಹುಟ್ಟುವುದು ಈ ಮರುಹೊಡೆತದಿಂದ. ಕೆಲವೇ ಸೆಂಟಿಮೀಟರ್ ದಪ್ಪದ ಗಾಳಿಯ ಕೊಳವೆ ಕೆಲವು ಮೈಕ್ರೋಸೆಕೆಂಡಿನಲ್ಲಿ 30 ಸಾವಿರ ಡಿಗ್ರಿಗೆ ಏರುತ್ತದೆ. ಸೂರ್ಯನ ಮೇಲ್ಮೈಯ ಐದು ಪಟ್ಟು. ಹಿಗ್ಗಲು ಪುರಸೊತ್ತಿಲ್ಲದ ಆ ಗಾಳಿಯ ಒತ್ತಡ ಸುತ್ತಲಿನದಕ್ಕಿಂತ ಹತ್ತು ಪಟ್ಟು ಮೀರುತ್ತದೆ. ಅದು ಆಘಾತ ತರಂಗವಾಗಿ ಸಿಡಿದು, ಕೆಲವು ಮೀಟರ್ ದಾಟುವಷ್ಟರಲ್ಲಿ ಸಾಮಾನ್ಯ ಸದ್ದಾಗುತ್ತದೆ. ಸದ್ದು ಒಂದೇ ಕ್ಷಣದಲ್ಲಿ ಹುಟ್ಟಿದರೂ ಗುಡುಗು ಹತ್ತಾರು ಸೆಕೆಂಡ್ ಉರುಳುವುದೇಕೆ? ಮಿಂಚಿನ ದಾರಿ ಕಿಲೋಮೀಟರುಗಟ್ಟಲೆ ಉದ್ದ. ಹತ್ತಿರದ ತುಂಡಿನ ಸದ್ದು ಮೊದಲು, ದೂರದ್ದು ಆಮೇಲೆ ಕಿವಿ ತಲುಪುತ್ತದೆ. ದಾರಿಯ ಒಂದು ದೊಡ್ಡ ತುಂಡು ನಮ್ಮಿಂದ ಒಂದೇ ದೂರದಲ್ಲಿ ಅಡ್ಡವಾಗಿದ್ದರೆ ಅದರ ಸದ್ದೆಲ್ಲ ಒಟ್ಟಿಗೆ ಬಂದು ಫಟಾರನೆ ಕೇಳುತ್ತದೆ. ನಮ್ಮಿಂದ ದೂರಕ್ಕೆ ಚಾಚಿಕೊಂಡಿದ್ದರೆ ಉದ್ದನೆಯ ಗುಡುಗುಡು. ಗುಡುಗು 10 ಸೆಕೆಂಡ್ ಉರುಳಿತೆಂದರೆ ಮಿಂಚಿನ ಹತ್ತಿರದ ತುದಿಗೂ ದೂರದ ತುದಿಗೂ ಮೂರೂವರೆ ಕಿಲೋಮೀಟರ್ ಅಂತರವಿದೆ ಎಂದು ಕೂತಲ್ಲೇ ಹೇಳಬಹುದು, ಬೆಟ್ಟಗುಡ್ಡಗಳ ಮಾರ್ದನಿ ಇಲ್ಲದ ಬಯಲಿನಲ್ಲಿ.

ಬೆಚ್ಚಗಿನ ಗಾಳಿಯಲ್ಲಿ ಸದ್ದು ಒಂದು ಕಿಲೋಮೀಟರ್ ಬರಲು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಮೇಲಿನ ಗಾಳಿ ತಣ್ಣಗಿರುವುದರಿಂದ ಸದ್ದು ಹೋಗ್ತಾ ಹೋಗ್ತಾ ಮೇಲಕ್ಕೆ ಬಾಗುತ್ತದೆ. ಹಾಗಾಗಿ 15-20 ಕಿಲೋಮೀಟರ್ ಆಚೆಯ ಗುಡುಗು ನಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ, ದಿಗಂತದಲ್ಲಿ ಮಿಂಚು ಮಾತ್ರ ಕಾಣುತ್ತದೆ. ಇದರ ಇನ್ನೊಂದು ಮಗ್ಗುಲು ಹೆಚ್ಚು ಮುಖ್ಯ. ಗುಡುಗು ಕಿವಿಗೆ ಬಿತ್ತೆಂದರೆ ಆ ಮೋಡದ ಮುಂದಿನ ಹೊಡೆತ ಮುಟ್ಟಬಹುದಾದ ದೂರದಲ್ಲೇ ನೀವಿದ್ದೀರಿ. ಮೋಡದ ಹರಡಿದ ತಲೆಯಿಂದ ಹೊರಡುವ ಧನ ಮಿಂಚು ಮಳೆ ಬೀಳುವ ಜಾಗದಿಂದ ಎಷ್ಟೋ ದೂರ, ಬಿಸಿಲಿರುವ ಹೊಲಕ್ಕೂ ಇಳಿಯುವುದುಂಟು. ಗುಡುಗುವಾಗ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಹೆಸರು ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಅದರ ಜೊತೆಗೆ ಮಿಂಚು ಕಂಡಾಗಿನಿಂದ ಗುಡುಗಿನವರೆಗೆ ಸೆಕೆಂಡ್ ಎಣಿಸುವುದನ್ನೂ ಮಕ್ಕಳಿಗೆ ಕಲಿಸಬೇಕು. 30ಕ್ಕಿಂತ ಕಡಿಮೆ ಬಂದರೆ ಮೋಡ 10 ಕಿಲೋಮೀಟರ್ ಒಳಗಿದೆ, ಆಗಲೇ ಒಳಗಿರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬಾರದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮೊದಲೇ ಎಚ್ಚರಿಸುತ್ತವೆ. ಆದರೆ ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದಾಗ ಕಿವಿಯೇ ಗತಿ.

ಸಿಡಿಲು ನೇರವಾಗಿ ತಲೆಗೆ ಬಡಿದು ಸಾಯುವವರು ಬಹಳ ಕಡಿಮೆ, ನೂರಕ್ಕೆ ಐದರ ಆಸುಪಾಸು ಎಂಬುದು ಪರಿಣತರ ಅಂದಾಜು. ಅರ್ಧದಷ್ಟು ಜನ ಅಪಾಯಕ್ಕೆ ಸಿಲುಕುವುದು ನೆಲದಲ್ಲಿ ಹರಡುವ ಪ್ರವಾಹದಿಂದ. ಲೆಕ್ಕ ಹಾಕಿ ನೋಡೋಣ. ಸಾಧಾರಣ ಮಣ್ಣಿನ ನೆಲದಲ್ಲಿರುವ ಮರಕ್ಕೆ 30 ಸಾವಿರ ಆಂಪಿಯರ್ ಸಿಡಿಲು ಬಿತ್ತು, ಬುಡದಿಂದ ಪ್ರವಾಹ ಎಲ್ಲ ದಿಕ್ಕಿಗೂ ಹರಡಿತು ಎನ್ನಿ. ಮಣ್ಣಿನ ನಿರೋಧಕತೆ 100 ಓಮ್-ಮೀಟರ್ ಇರಲಿ. 10 ಮೀಟರ್ ದೂರದಲ್ಲಿ ಅರ್ಧ ಮೀಟರ್ ಕಾಲು ಅಗಲಿಸಿ ನಿಂತವನ ಎರಡು ಪಾದಗಳ ನಡುವೆ ಸುಮಾರು 2,300 ವೋಲ್ಟ್ ವ್ಯತ್ಯಾಸ ಬರುತ್ತದೆ. ಪಾದಗಳನ್ನು ಜೋಡಿಸಿಕೊಂಡಿದ್ದರೆ, ನಡುವೆ 10 ಸೆಂಟಿಮೀಟರ್ ಎಂದಿಟ್ಟುಕೊಂಡರೂ, 500 ವೋಲ್ಟಿಗಿಂತ ಕಡಿಮೆ. ಅದೇ ಜಾಗದಲ್ಲಿ ಮರದ ಕಡೆ ಮುಖ ಮಾಡಿ ನಿಂತ ಹಸುವಿನ ಮುಂಗಾಲು-ಹಿಂಗಾಲುಗಳ ನಡುವೆ 1.5 ಮೀಟರ್ ಅಂತರವಿದ್ದರೆ 6,200 ವೋಲ್ಟ್. ಆ ಪ್ರವಾಹ ಹೋಗುವುದು ಎದೆಯ ಮೂಲಕ. ಒಂದೇ ಸಿಡಿಲಿಗೆ ಹತ್ತಾರು ಕುರಿಗಳು ಸತ್ತು, ಪಕ್ಕದಲ್ಲಿದ್ದ ಕುರಿಗಾಹಿ ಬದುಕುಳಿಯುವುದರ ಹಿಂದೆ ಈ ಲೆಕ್ಕವಿದೆ. ನೆಲ ಮೊರಡಿಯಾಗಿದ್ದರೆ, ಕೆಳಗೆ ಬಂಡೆಯಿದ್ದರೆ ನಿರೋಧಕತೆ ಹತ್ತು ಪಟ್ಟಾಗಬಹುದು, ವೋಲ್ಟೂ ಅಷ್ಟೇ ಏರುತ್ತದೆ. ಹಸಿಯಾದ ಎರೆ ಭೂಮಿಯಲ್ಲಿ ಇಳಿಯುತ್ತದೆ.

ಮರದ ಕೆಳಗೆ ನಿಲ್ಲಬಾರದು ಎನ್ನುವುದಕ್ಕೆ ಇಲ್ಲಿ ಒಂದಲ್ಲ, ಮೂರು ಕಾರಣ ಸಿಗುತ್ತವೆ. ಎತ್ತರದ ಮರ ಲೀಡರನ್ನು ತನ್ನೆಡೆಗೆ ಸೆಳೆಯುತ್ತದೆ. ಕಾಂಡಕ್ಕಿಂತ ಮನುಷ್ಯನ ಮೈ ಒಳ್ಳೆಯ ವಾಹಕವಾದ್ದರಿಂದ ಪ್ರವಾಹ ಅಲ್ಲಿಂದ ಪಕ್ಕಕ್ಕೆ ಹಾರುತ್ತದೆ. ಬುಡದ ನೆಲದಲ್ಲಿ ವೋಲ್ಟೇಜ್ ಅತಿ ಕಡಿದಾಗಿರುತ್ತದೆ. ಹುಲ್ಲಿನ ಗುಡಿಸಲು, ನಾಲ್ಕು ಕಂಬದ ತಗಡಿನ ಶೆಡ್, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಮಳೆಗೆ ಸರಿ, ಸಿಡಿಲಿಗಲ್ಲ. ಆರ್‌ಸಿಸಿ ಮನೆ ಅಥವಾ ಗಾಜು ಏರಿಸಿದ ಬಸ್ಸು, ಕಾರು ಸರಿಯಾದ ಆಸರೆ. ತಂತಿ ಬೇಲಿ ಪ್ರವಾಹವನ್ನು ಬಹಳ ದೂರ ಒಯ್ಯುತ್ತದೆ, ಅದಕ್ಕೆ ದನ ಕಟ್ಟುವುದು ಬೇಡ. ಯಾವ ಆಸರೆಯೂ ಇಲ್ಲದಿದ್ದರೆ ಗುಂಪು ಚದುರಿ, ಒಬ್ಬರಿಂದೊಬ್ಬರು ಹತ್ತು ಮೀಟರಾದರೂ ದೂರ ಹೋಗಿ, ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು. ಇದು ಅಪಾಯ ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮಲಗಲೇಬಾರದು, ಮೈಯ ಉದ್ದವೆಲ್ಲ ನೆಲದ ವೋಲ್ಟೇಜಿಗೆ ಒಡ್ಡಿದಂತಾಗುತ್ತದೆ. ಜೇಬಿನ ಮೊಬೈಲು ಸಿಡಿಲನ್ನು ಕರೆಯುವುದಿಲ್ಲ. ಚಾರ್ಜರಿಗೆ ಸಿಕ್ಕಿಸಿದ ಮೊಬೈಲನ್ನು ಕಿವಿಗೆ ಹಿಡಿಯುವುದು ಮಾತ್ರ ನಿಜವಾದ ಅಪಾಯ.

ಇನ್ನು ಮನೆ, ಶಾಲೆಗಳ ಮೇಲಿನ ಲೈಟ್ನಿಂಗ್ ಅರೆಸ್ಟರ್, ಅಂದರೆ ಸಿಡಿಲು ಸಲಾಕೆ. ಅದರ ಕೆಲಸ ಸಿಡಿಲನ್ನು ತಡೆಯುವುದಲ್ಲ, ತನ್ನ ಮೇಲೆ ತೆಗೆದುಕೊಂಡು ನೆಲಕ್ಕಿಳಿಸುವುದು. ಸಲಾಕೆಯ ಕೆಳಗಿನ ಭಾಗ ಕೆಟ್ಟಿದ್ದರೆ ಅದು ಇಲ್ಲದಿರುವುದೇ ಮೇಲು. ಸಿಡಿಲು ರಕ್ಷಣೆಯ ಐಎಸ್/ಐಇಸಿ 62305 ಮಾನದಂಡದ ಪ್ರಕಾರ, ಸಲಾಕೆಯಿಂದ ನೆಲಕ್ಕೆ ಪ್ರವಾಹ ಒಯ್ಯುವ ತಾಮ್ರದ ಇಳಿಪಟ್ಟಿಯ ದಪ್ಪ (ಅಡ್ಡಕೊಯ್ತ) ಕನಿಷ್ಠ 50 ಚದರ ಮಿಲಿಮೀಟರ್ ಇರಬೇಕು. ಕಟ್ಟಡದ ವರ್ಗಕ್ಕೆ ತಕ್ಕಂತೆ 10ರಿಂದ 20 ಮೀಟರಿಗೊಂದು ಇಳಿಪಟ್ಟಿ, ನೆಲದ ನಿರೋಧ 10 ಓಮ್ ಮೀರದಿರುವುದು ಒಳ್ಳೆಯದು. ಪಟ್ಟಿಯನ್ನು ಗೋಡೆಯ ಮೂಲೆಗಳಲ್ಲಿ ಸುತ್ತಿ ಬಳಸಿ ತಂದರೆ ಕೆಡುತ್ತದೆ. ಮೈಕ್ರೋಸೆಕೆಂಡಿಗೆ 30 ಸಾವಿರ ಆಂಪಿಯರ್ ಏರುವ ಪ್ರವಾಹಕ್ಕೆ ನೇರ ತಂತಿಯೂ ಮೀಟರಿಗೆ ಸುಮಾರು 30 ಸಾವಿರ ವೋಲ್ಟ್ ತಡೆ ಒಡ್ಡುತ್ತದೆ. ಆಗ ಅದು ಪಕ್ಕದ ಡಿಶ್ ಕೇಬಲ್ಲಿಗೋ ಕಬ್ಬಿಣದ ಕಿಟಕಿಗೋ ಹಾರುತ್ತದೆ. ಆದ್ದರಿಂದ ಹತ್ತಿರದ ಲೋಹದ ಪೈಪು, ಕಂಬಿಗಳನ್ನೆಲ್ಲ ಒಂದೇ ಅರ್ಥಿಂಗ್‌ಗೆ ಸೇರಿಸಬೇಕು. ಇದ್ದಿಲು-ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಮಾರ್ಚ್ ಹೊತ್ತಿಗೆ ಒಣಗಿರುತ್ತದೆ, ಸಿಡಿಲಿನ ಕಾಲ ಶುರುವಾಗುವುದೂ ಆಗಲೇ. ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಇರುವಷ್ಟು ದಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲೇ ನಿರೋಧ ಅಳೆಸಬೇಕು. ತಾಮ್ರದ ಪಟ್ಟಿ ಕಳುವಾಗಿ ಸಲಾಕೆ ಮಾತ್ರ ಉಳಿದಿರುವ ಕಟ್ಟಡಗಳು ಬೇಕಾದಷ್ಟಿವೆ. ಕಳವಿನ ಭಯವಿರುವಲ್ಲಿ ಜಿಐ ಪಟ್ಟಿಯೇ ವಾಸಿ. ಮೇಲ್ಮುಖ ಎಳೆಯನ್ನು ಬೇಗ ಹೊರಡಿಸಿ ನೂರು ಮೀಟರ್ ಸುತ್ತ ರಕ್ಷಿಸುತ್ತದೆ ಎಂದು ಮಾರುವ ಒಂಟಿ ‘ಅರ್ಲಿ ಸ್ಟ್ರೀಮರ್’ ಸಲಾಕೆಗಳನ್ನು ಈ ಮಾನದಂಡ ಒಪ್ಪುವುದಿಲ್ಲ. ಶಾಲೆ, ಆಸ್ಪತ್ರೆಗಳ ದುಡ್ಡನ್ನು ಅದಕ್ಕೆ ಸುರಿಯಬಾರದು.

ಬೋರ್‌ವೆಲ್ ಮೋಟರು, ಟಿವಿ ಸುಡುವುದು ಹೆಚ್ಚಾಗಿ ತಂತಿಯಲ್ಲಿ ಬರುವ ಸರ್ಜ್‌ನಿಂದ, ಅಂದರೆ ಒಮ್ಮೆಲೇ ಏರುವ ವೋಲ್ಟೇಜಿನಿಂದ. ಅದಕ್ಕೆ ಸಲಾಕೆ ಉಪಯೋಗವಿಲ್ಲ, ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಬೇಕು. ಅದರ ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ಮೀರಬಾರದು. ಪ್ಲಗ್ ತೆಗೆಯುವುದಾದರೆ ಮೊದಲ ಗುಡುಗಿಗೆ ಮುಂಚೆಯೇ ತೆಗೆಯಬೇಕು.

ಸಿಡಿಲು ತಗುಲಿದವರ ಮೈಯಲ್ಲಿ ವಿದ್ಯುತ್ ಉಳಿದಿರುತ್ತದೆ, ಮುಟ್ಟಬಾರದು ಎಂಬ ನಂಬಿಕೆಯಿಂದ ಉಳಿಯಬಹುದಾದ ಜೀವಗಳು ಹೋಗುತ್ತವೆ. ಏನೂ ಉಳಿದಿರುವುದಿಲ್ಲ, ಕೂಡಲೇ ಮುಟ್ಟಬಹುದು. ಹೃದಯ ನಿಂತದ್ದು ಎಷ್ಟೋ ಸಲ ತಾನಾಗಿ ಮತ್ತೆ ಮಿಡಿಯುತ್ತದೆ. ಆದರೆ ಉಸಿರಾಟ ನಡೆಸುವ ಮೆದುಳಿನ ಭಾಗ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಆಮ್ಲಜನಕವಿಲ್ಲದೆ ಹೃದಯ ಎರಡನೆಯ ಸಲ ನಿಲ್ಲುತ್ತದೆ. 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಬಲ್ಲವರಿದ್ದರೆ 30 ಒತ್ತಿಗೆ ಎರಡು ಉಸಿರು ಕೊಡಬೇಕು. ಹಲವರು ಬಿದ್ದಿದ್ದರೆ ಸತ್ತಂತೆ ಕಾಣುವವರ ಬಳಿಗೆ ಮೊದಲು ಹೋಗಬೇಕು. ನರಳುತ್ತಿರುವವರ ಉಸಿರಾಟ ನಡೆದಿದೆ, ಅವರು ಬಹುತೇಕ ಬದುಕುತ್ತಾರೆ.